ಗುಂಡಿ ಒತ್ತುವವನಿಗೂ ಕಸುಬು ಇದೆಯೇ?

ಪ್ರಶ್ನೆ: ಸರ್, ನನಗೆ 24 ವರ್ಷ. ಊರು ಮಧುಗಿರಿ ಕಡೆ. ಟೂಲ್ ಅಂಡ್ ಡೈ ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಪೀಣ್ಯದ ಒಂದು ಕಾರ್ಖಾನೆಯಲ್ಲಿ ವಿಎಂಸಿ ಮೆಷಿನ್ (ಕಂಪ್ಯೂಟರ್ ಪ್ರೋಗ್ರಾಮಿನಂತೆ ಲೋಹ ಕೊಯ್ಯುವ ಯಂತ್ರ) ನಡೆಸುತ್ತಿದ್ದೇನೆ. ಪ್ರೋಗ್ರಾಂ ಆಫೀಸಿನಿಂದ ಬರುತ್ತದೆ, ಅದನ್ನೂ ಕ್ಯಾಮ್ ಸಾಫ್ಟ್‌ವೇರೇ ಬರೆದುಕೊಡುತ್ತದೆ. ನಾನು ಜಾಬ್, ಅಂದರೆ ಕೊಯ್ಯಬೇಕಾದ ಲೋಹದ ತುಂಡು, ಕಟ್ಟಿ ಗುಂಡಿ ಒತ್ತುತ್ತೇನೆ, ಅಷ್ಟೆ. ನಮ್ಮ ತಾತ ಕಮ್ಮಾರರು. ಅವರು ಹದ ಹಾಕಿದ ಕುಡುಗೋಲು ಅಂದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತಿತ್ತು. ನಾನು ಮಾಡಿದ ಪೀಸು ಯಾವ ಯಂತ್ರದ ಹೊಟ್ಟೆಗೆ ಹೋಗುತ್ತದೋ ನನಗೇ ಗೊತ್ತಿಲ್ಲ. ಡಿಪ್ಲೊಮಾದ ಮೊದಲ ವರ್ಷ ತಿಂಗಳುಗಟ್ಟಲೆ ಅರ ಹಿಡಿಸಿ ಕಬ್ಬಿಣ ಉಜ್ಜಿಸಿದರಲ್ಲ, ಅದು ಯಾಕೆ ಬೇಕಿತ್ತು ಅನ್ನಿಸುತ್ತದೆ. ಇಂಥ ಕೆಲಸದಲ್ಲಿ ಕಸುಬುದಾರಿಕೆ ಎಂಬ ಮಾತಿಗೆ ಅರ್ಥ ಉಳಿದಿದೆಯೇ? ಸ್ನೇಹಿತರು ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸಿಗೆ ಕರೆಯುತ್ತಿದ್ದಾರೆ. ಇನ್ನೊಂದು ವಿಷಯ: ತಾತನ ಕುಲುಮೆ ನಿಂತು ಹದಿನೈದು ವರ್ಷವಾಯಿತು. ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲನ್ನು ಗುಜರಿಗೆ ಹಾಕೋಣ ಎನ್ನುತ್ತಿದ್ದಾರೆ ಮನೆಯಲ್ಲಿ. ಹಾಕಬಹುದೇ?

ಉತ್ತರ: ಅರದಿಂದಲೇ ಶುರುಮಾಡುತ್ತೇನೆ. ಒಂಬತ್ತು ವರ್ಷ ಡೈಗಳನ್ನು, ಅಂದರೆ ಲೋಹದ ಅಚ್ಚುಗಳನ್ನು, ಮಾಡುವ ಟೂಲ್‌ರೂಮಿನಲ್ಲಿ ಕೆಲಸ ಮಾಡಿ, ಆಮೇಲೆ ಇಪ್ಪತ್ತೇಳು ವರ್ಷ ಅದೇ ಕೆಲಸ ಕಲಿಸಿದವನು ನಾನು. ನಿಮ್ಮಂಥ ನೂರಾರು ಹುಡುಗರ ಕೈಗೆ ಅರ ಕೊಟ್ಟು ಅಂಗೈಯಲ್ಲಿ ಬೊಬ್ಬೆ ಏಳುವವರೆಗೆ ಉಜ್ಜಿಸಿದ್ದೇನೆ. ‘ಮೆಷಿನ್ನಿಗೆ ಎರಡು ನಿಮಿಷದ ಕೆಲಸ ಸಾರ್ ಇದು’ ಎಂಬ ಮಾತನ್ನು ಪ್ರತಿ ಬ್ಯಾಚಿನಲ್ಲೂ ಕೇಳಿದ್ದೇನೆ. ಹುಡುಗರು ಹೇಳುತ್ತಿದ್ದುದು ನಿಜವೇ.

ಆದರೆ ಆ ದಿನಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಮೊದಲ ವಾರ ಉಜ್ಜಿದ ಮುಖ ನಡುವೆ ಉಬ್ಬಿ ಎರಡೂ ಅಂಚಿನಲ್ಲಿ ಇಳಿದಿರುತ್ತದೆ. ಕೈ ತೊಟ್ಟಿಲು ತೂಗಿದ ಹಾಗೆ ತೂಗುತ್ತದೆ, ಅದಕ್ಕೆ. ಮೂಲೆಮಟ್ಟ ಇಟ್ಟು ಕಿಟಕಿಯ ಕಡೆ ಹಿಡಿದರೆ ಸಂದಿನಲ್ಲಿ ಬೆಳಕಿನ ಒಂದು ಎಳೆ. ಮತ್ತೆ ಉಜ್ಜುತ್ತೀರಿ, ಮತ್ತೆ ಹಿಡಿಯುತ್ತೀರಿ. ಎಳೆ ಸಣ್ಣಗಾಗುತ್ತದೆ, ಹೋಗುವುದಿಲ್ಲ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು). ಅದರ ಹತ್ತನೇ ಒಂದು ಪಾಲಿನಷ್ಟು ಸಂದಿದ್ದರೂ ಬೆಳಕು ನುಸುಳಿ ಕಣ್ಣಿಗೆ ಬೀಳುತ್ತದೆ. ಮೂರನೇ ವಾರದ ಹೊತ್ತಿಗೆ ಹುಡುಗರಲ್ಲಿ ಒಂದು ಬದಲಾವಣೆ ಆಗುತ್ತಿತ್ತು. ಮೊದಲು ‘ಸಾಕಾ ಸಾರ್?’ ಎಂದು ನನ್ನ ಹತ್ತಿರ ಬರುತ್ತಿದ್ದವರು ಬರುವುದನ್ನೇ ನಿಲ್ಲಿಸುತ್ತಿದ್ದರು. ಸಾಕೋ ಸಾಲದೋ ಎಂಬುದು ಅವರಿಗೇ ತಿಳಿಯುತ್ತಿತ್ತು. ನಾವು ಕಲಿಸಬೇಕೆಂದಿದ್ದುದು ಇದನ್ನೇ. ಅರ ಅದಕ್ಕೊಂದು ನೆಪ.

ಈಗ ನಿಮ್ಮ ವಿಎಂಸಿಗೆ ಬರೋಣ. ಅದು ನೇರವಾಗಿ ಕೊಯ್ಯುತ್ತದೆ, ಏಕೆಂದರೆ ಅದರ ಮೈ ನೇರವಾಗಿದೆ. ಆ ನೇರ ಅದಕ್ಕೆ ಎಲ್ಲಿಂದ ಬಂತು? ಇನ್ನೊಂದು ಯಂತ್ರದಿಂದ ಎನ್ನುತ್ತೀರಿ. ಆ ಯಂತ್ರಕ್ಕೆ? ಹೀಗೆ ಹಿಂದಕ್ಕೆ ಹೋಗುತ್ತ ಹೋದರೆ ಯಾವುದೋ ಒಂದು ಕಡೆ, ಯಾವುದನ್ನೂ ನಕಲು ಮಾಡದೆ, ಮೊಟ್ಟಮೊದಲ ಸಪಾಟು ಮುಖವನ್ನು ಯಾರೋ ಕೈಯಿಂದ ಮಾಡಿರಲೇಬೇಕು. ನಮ್ಮ ಕಸುಬಿನ ಬುಡದಲ್ಲಿರುವ ಪ್ರಶ್ನೆ ಇದು, ಇದರ ಉತ್ತರ ಬಹಳ ಚೆಂದ. ಎರಡು ಕಬ್ಬಿಣದ ಹಲಗೆಗಳನ್ನು ಒಂದಕ್ಕೊಂದು ಹೊಂದುವಂತೆ ಕೆರೆದರೆ ಅವು ಸಪಾಟಾಗುತ್ತವೆ ಎಂಬ ಭರವಸೆ ಇಲ್ಲ. ಒಂದು ಉಬ್ಬಿ, ಇನ್ನೊಂದು ತಗ್ಗಿ, ಬಟ್ಟಲೂ ಮುಚ್ಚಳವೂ ಆದ ಹಾಗೆ ಕೂತುಬಿಡಬಹುದು. ಮೂರು ಹಲಗೆ ತೆಗೆದುಕೊಳ್ಳಿ. ಒಂದನೆಯದನ್ನು ಎರಡನೆಯದಕ್ಕೆ, ಎರಡನೆಯದನ್ನು ಮೂರನೆಯದಕ್ಕೆ, ಮೂರನೆಯದನ್ನು ಮತ್ತೆ ಒಂದನೆಯದಕ್ಕೆ ಹೊಂದಿಸುತ್ತ ಬನ್ನಿ. ಹೇಗೆ ತಿರುಗಿಸಿಟ್ಟರೂ ಮೂರೂ ಪರಸ್ಪರ ಹೊಂದಬೇಕಾದರೆ ಮೂರೂ ಸಪಾಟಾಗದೆ ಬೇರೆ ದಾರಿಯೇ ಇಲ್ಲ. ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 1840ರಲ್ಲಿ ಗ್ಲಾಸ್ಗೋದ ವಿಜ್ಞಾನ ಸಭೆಯೊಂದರಲ್ಲಿ ಈ ಬಗ್ಗೆ ಪ್ರಬಂಧ ಓದಿದರು. ಅಲ್ಲಿಯವರೆಗೆ ಹಲಗೆಗಳ ನಡುವೆ ಎಮರಿ ಎಂಬ ಗಡುಸು ಕಲ್ಲಿನ ಪುಡಿ ಹಾಕಿ ತೇಯುತ್ತಿದ್ದರು. ತೇಯುವುದನ್ನು ಬಿಟ್ಟು, ಎದ್ದ ಜಾಗವನ್ನಷ್ಟೇ ಗುರುತಿಸಿ ಕೈಯಿಂದ ಕೆರೆದು ತೆಗೆಯಿರಿ ಎಂಬುದು ಅವರ ಮಾತು.

ಆ ಕೆರೆಯುವ ಕೆಲಸವನ್ನು ನಾವು ಸ್ಕ್ರೇಪಿಂಗ್ ಎನ್ನುತ್ತೇವೆ. ನಿಮ್ಮ ವಯಸ್ಸಿನವರು ನೋಡಿರಲಿಕ್ಕಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಪಾಟಾದ ಸರ್ಫೇಸ್ ಪ್ಲೇಟಿಗೆ ನೀಲಿ ಬಣ್ಣವನ್ನು ತೆಳ್ಳಗೆ, ದೋಸೆ ಹೆಂಚಿಗೆ ಎಣ್ಣೆ ಸವರಿದಷ್ಟು, ಹಚ್ಚುತ್ತಾರೆ. ಜಾಬನ್ನು ಅದರ ಮೇಲೆ ಮೆಲ್ಲಗೆ ಆಡಿಸಿ ಎತ್ತಿದರೆ ಎಲ್ಲೆಲ್ಲಿ ಎದ್ದಿದೆಯೋ ಅಲ್ಲಿ ನೀಲಿ ಹತ್ತಿರುತ್ತದೆ. ಸ್ಕ್ರೇಪರನ್ನು ಸೊಂಟಕ್ಕೆ ಆನಿಸಿಕೊಂಡು ಮೈಯ ಭಾರ ಬಿಟ್ಟು ಆ ನೀಲಿಯನ್ನಷ್ಟೇ ಕೆರೆಯಬೇಕು. ಒಂದು ಸಲಕ್ಕೆ ಹೋಗುವುದು ಕೆಲವೇ ಮೈಕ್ರಾನ್. ಒರೆಸಿ, ಮತ್ತೆ ನೀಲಿ, ಮತ್ತೆ ಕೆರೆತ. ಒಳ್ಳೆಯ ಕೆಲಸದಲ್ಲಿ 25 ಮಿ.ಮೀ. ಚೌಕದೊಳಗೆ ಇಪ್ಪತ್ತರಷ್ಟು ನೀಲಿ ಚುಕ್ಕೆಗಳು ಹರಡಿ ನಿಲ್ಲುತ್ತವೆ. ಒಂದು ಲೇತ್ ಯಂತ್ರದ ಬೆಡ್ಡಿಗೆ, ಅಂದರೆ ತಳಕ್ಕೆ, ದಿನಗಟ್ಟಲೆ ಹಿಡಿಯುತ್ತದೆ. ಗ್ರೈಂಡಿಂಗ್ ಯಂತ್ರದಲ್ಲೇ ನುಣ್ಣಗೆ ಮಾಡಬಾರದೇ ಎಂದು ಕೇಳಬಹುದು. ತೀರ ನುಣುಪಾದ ಎರಡು ಮುಖಗಳು ಕೂಡಿದರೆ ನಡುವೆ ಎಣ್ಣೆ ನಿಲ್ಲದೆ ಅವು ಹಿಡಿದುಕೊಳ್ಳುತ್ತವೆ. ಕೆರೆದ ಮುಖದ ತಗ್ಗುಗಳಲ್ಲಿ ಎಣ್ಣೆ ಉಳಿಯುತ್ತದೆ. ಅಲ್ಲದೆ ಭಾರದ ಭಾಗಗಳನ್ನು ಕೂರಿಸಿದ ಮೇಲೆ ಬೆಡ್ಡು ತುಸು ಬಾಗುತ್ತದೆ. ಎಷ್ಟು ಬಾಗಿದೆ ಎಂದು ನೋಡಿಕೊಂಡು ಅಲ್ಲೇ ಸರಿಪಡಿಸುವುದು ಕೈಗೆ ಮಾತ್ರ ಸಾಧ್ಯ.

ಹಿಂದೂಸ್ತಾನ್ ಮಷಿನ್ ಟೂಲ್ಸ್, ನಮ್ಮೆಲ್ಲರ ಬಾಯಲ್ಲಿ ಎಚ್‌ಎಂಟಿ, 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದಾಗ ನಮ್ಮ ಹುಡುಗರು ಲೇತ್ ಕಟ್ಟುವುದನ್ನು ಕಲಿತರು. ಆ ತಲೆಮಾರಿನ ಸ್ಕ್ರೇಪರ್‌ಗಳಲ್ಲಿ ಕೆಲವರನ್ನು ನಾನು ಅವರ ನಿವೃತ್ತಿಯ ಹೊಸ್ತಿಲಲ್ಲಿ ನೋಡಿದ್ದೇನೆ. ಬೆರಳ ತುದಿಯಿಂದ ಸವರಿ ‘ಇಲ್ಲಿ ಇನ್ನೂ ಎದ್ದಿದೆ’ ಎನ್ನುತ್ತಿದ್ದರು. ಏರುತಗ್ಗು ಅಳೆಯುವ ಡಯಲ್ ಇಟ್ಟು ನೋಡಿದರೆ ಎದ್ದಿರುತ್ತಿತ್ತು. ಇಂದಿಗೂ ನಿಖರತೆಗೆ ಹೆಸರಾದ ಯಂತ್ರಗಳ ಜೋಡಣೆಯಲ್ಲಿ ಕೈ ಸ್ಕ್ರೇಪಿಂಗ್ ನಿಂತಿಲ್ಲ. ಬೆಡ್ಡಿನ ಮೇಲೆ ಕಾಲಮ್ ಕೂರುವ ಮುಖವನ್ನು ಎಷ್ಟೋ ಕಡೆ ಮನುಷ್ಯನೇ ಕೆರೆಯುತ್ತಾನೆ. ಬೋಲ್ಟ್ ಬಿಗಿದ ಮೇಲೆ ಆ ಮುಖ ಯಾರ ಕಣ್ಣಿಗೂ ಬೀಳುವುದಿಲ್ಲ. ನೀವು ಗುಂಡಿ ಒತ್ತಿದಾಗಲೆಲ್ಲ ನಿಮ್ಮ ಪೀಸಿಗೆ ಬರುವ ನೇರ ಅಂಥ ಕಾಣದ ಮುಖಗಳಿಂದಲೇ ಬರುತ್ತದೆ.

ಅದು ಅವರ ಕಸುಬಾಯಿತು, ನನ್ನದೇನು ಎಂದು ನೀವು ಕೇಳಿಯೇ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನಿಮ್ಮ ಯಂತ್ರಕ್ಕೆ ಏನೇನು ಗೊತ್ತಿಲ್ಲ ಎಂದು ಯೋಚಿಸಿ ನೋಡಿ. ತೆಳ್ಳನೆಯ ಪ್ಲೇಟೊಂದನ್ನು ವೈಸಿನಲ್ಲಿ ನೀವು ಎಷ್ಟು ಬಿಗಿದಿದ್ದೀರಿ ಎಂದು ಕ್ಯಾಮ್ ಸಾಫ್ಟ್‌ವೇರಿಗೆ ಗೊತ್ತಿಲ್ಲ. ಜಾಸ್ತಿ ಬಿಗಿದರೆ ಪ್ಲೇಟು ಬಾಗುತ್ತದೆ. ಯಂತ್ರ ಬಾಗಿದ ಪ್ಲೇಟನ್ನೇ ಸಪಾಟಾಗಿ ಕೊಯ್ಯುತ್ತದೆ. ವೈಸಿನಲ್ಲಿರುವಾಗ ಡಯಲ್ ಇಟ್ಟು ನೋಡಿದರೆ ಎಲ್ಲ ಸರಿ. ಬಿಚ್ಚಿದ ಕೂಡಲೇ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಏಳುತ್ತದೆ. ಎಷ್ಟು ಬಿಗಿಯಬೇಕೆಂದು ಯಾವ ಡ್ರಾಯಿಂಗಿನಲ್ಲೂ ಬರೆದಿರುವುದಿಲ್ಲ, ಅದು ನಿಮ್ಮ ಮಣಿಕಟ್ಟಿನಲ್ಲಿದೆ.

ಬಿಸಿಯ ವಿಷಯವೂ ಹಾಗೆಯೇ. ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕೆಂಬುದು ಜಗತ್ತೆಲ್ಲ ಒಪ್ಪಿದ ಲೆಕ್ಕ. ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ ಹನ್ನೊಂದು ಹನ್ನೆರಡು ಮೈಕ್ರಾನ್ ಹಿಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ, ತಗಡಿನ ಸೂರು, ಜಾಬು 30 ಡಿಗ್ರಿಯಲ್ಲಿದೆ ಎಂದುಕೊಳ್ಳಿ. 200 ಮಿ.ಮೀ. ಉದ್ದದ ಪೀಸು ಆಗ ಇಪ್ಪತ್ತಕ್ಕೂ ಹೆಚ್ಚು ಮೈಕ್ರಾನ್‌ನಷ್ಟು ಹಿಗ್ಗಿರುತ್ತದೆ. ನೀವು ಸರಿಯಾದ ಅಳತೆಗೆ ಕೊಯ್ದು ಕಳಿಸಿದ್ದು ತಪಾಸಣೆಯ ಎಸಿ ಕೋಣೆಯಲ್ಲಿ ರಾತ್ರಿಯಿಡೀ ಇದ್ದು ಬೆಳಗ್ಗೆ ಅಷ್ಟೇ ಕುಗ್ಗಿರುತ್ತದೆ. ಆಪರೇಟರ್ ತಪ್ಪು ಮಾಡಿದ ಎಂದು ಬರೆಯುತ್ತಾರೆ. ಕಸುಬು ಬಲ್ಲವನು ಕೊನೆಯ ಫಿನಿಶಿಂಗ್ ಕಟ್ಟಿಗೆ ಮುಂಚೆ ಜಾಬನ್ನು ಮುಟ್ಟಿ ನೋಡಿ ಸ್ವಲ್ಪ ಹೊತ್ತು ಕಾಯುತ್ತಾನೆ. ಕೊಯ್ಯುವ ಮೊನೆಯಾದ ಇನ್ಸರ್ಟ್ ಸವೆದಾಗ ಬದಲಾಗುವ ಸದ್ದು, ಕೊಯ್ದು ಬೀಳುವ ಲೋಹದ ಚಿಪ್ಪಿನ ಬಣ್ಣ, ಇವೂ ಇದೇ ಸಾಲಿನವು. ಎರಡು ವರ್ಷದಲ್ಲಿ ನಿಮ್ಮ ಕಿವಿಗೆ ಇವು ಅರ್ಧ ಬಂದಿರುತ್ತವೆ. ಅದನ್ನು ನೀವು ಕಸುಬು ಎಂದು ಕರೆದಿಲ್ಲ, ಅಷ್ಟೆ.

ತಾತನ ‘ಹದ’ ನಿಮ್ಮ ಪತ್ರದಲ್ಲೇ ಬಂದಿದೆ. ಮಣ್ಣಿಗೂ ಬೆಲ್ಲದ ಪಾಕಕ್ಕೂ ತೊಗಲಿಗೂ ಉಕ್ಕಿಗೂ ನಮ್ಮವರು ಬಳಸುವುದು ಆ ಒಂದೇ ಮಾತನ್ನು. ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಗಡುಸಾಗುತ್ತದೆ, ಆದರೆ ಗಾಜಿನಂತೆ ಒಡೆಯುತ್ತದೆ. ಅದನ್ನು ಮತ್ತೆ ಮೆಲ್ಲಗೆ ಕಾಯಿಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಅಂಚಿನಲ್ಲಿ ಆಗ ಬಣ್ಣಗಳು ಓಡುತ್ತವೆ. 220 ಡಿಗ್ರಿಯ ಸುಮಾರಿಗೆ ಒಣಹುಲ್ಲಿನ ಹಳದಿ, ಆಮೇಲೆ ಕಂದು, 280ರ ಹತ್ತಿರ ನೇರಳೆ, 300 ಮುಟ್ಟಿದರೆ ನೀಲಿ. ಯಾವ ಬಣ್ಣಕ್ಕೆ ನಿಲ್ಲಿಸಬೇಕು ಎಂಬುದರ ಮೇಲೆ ಆ ಕುಡುಗೋಲು ಪೈರು ಕೊಯ್ಯುತ್ತದೋ ಮುಕ್ಕಾಗುತ್ತದೋ ನಿರ್ಧಾರವಾಗುತ್ತದೆ. ಬಣ್ಣ ನಿಲ್ಲುವುದಿಲ್ಲ, ಕೆಲವೇ ಕ್ಷಣದಲ್ಲಿ ದಾಟಿಹೋಗುತ್ತದೆ. ಮಬ್ಬುಗತ್ತಲ ಕುಲುಮೆಯಲ್ಲಿ ತಿದಿಯ ಗಾಳಿ ನೋಡಿಕೊಂಡು ಆ ಗಳಿಗೆಯನ್ನು ಹಿಡಿಯುತ್ತಿದ್ದರು ನಿಮ್ಮ ತಾತ. ಇಂದು ನಮ್ಮ ಟೂಲ್‌ರೂಮುಗಳಲ್ಲಿ ಫರ್ನೇಸ್ ಡಿಗ್ರಿಯನ್ನು ಅಂಕಿಯಲ್ಲಿ ತೋರಿಸುತ್ತದೆ, ಇದು ನಿಜಕ್ಕೂ ಒಳ್ಳೆಯದು. ಹಳೆಯದೆಲ್ಲ ಮೇಲು ಎನ್ನುವವನಲ್ಲ ನಾನು.

ಹೆಸರಿಲ್ಲದ ಕೆಲಸ ಎಂದು ನೊಂದುಕೊಂಡಿದ್ದೀರಿ. ಮಧುಗಿರಿಯವರಾದ್ದರಿಂದ ಒಂದು ಮಾತು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯರು ಮೈಸೂರು ಸೀಮೆ ಸುತ್ತಿದಾಗ ನಿಮ್ಮ ಕಡೆಯ ಕಬ್ಬಿಣದ ಒಲೆಗಳನ್ನೂ ಮೂಸೆಗಳಲ್ಲಿ ಉಕ್ಕು ಮಾಡುವುದನ್ನೂ ನೋಡಿ ವಿವರವಾಗಿ ಬರೆದಿಟ್ಟರು. ದಕ್ಷಿಣ ಭಾರತದ ಆ ಮೂಸೆ ಉಕ್ಕು ಯುರೋಪಿನಲ್ಲಿ ‘ವೂಟ್ಜ್’ ಎಂದು ಹೆಸರಾಯಿತು. ಆ ಪದ ನಮ್ಮ ‘ಉಕ್ಕು’ವಿನಿಂದಲೇ ಹೋದದ್ದು ಎಂಬುದು ಬಹುಮಂದಿ ಒಪ್ಪಿದ ಮಾತು. ಮೈಕೆಲ್ ಫ್ಯಾರಡೆಯಂಥವರು 1820ರ ಸುಮಾರಿಗೆ ಅದರ ಗುಟ್ಟು ಹುಡುಕುತ್ತ ಪ್ರಯೋಗ ಮಾಡಿದರು. ನಮ್ಮ ಭಾಷೆಯ ಮಾತು ಅಲ್ಲಿಯವರೆಗೆ ಹೋಯಿತು, ಆದರೆ ಆ ಮೂಸೆಗಳ ಮುಂದೆ ಬೆವರಿದ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಇದು ನ್ಯಾಯ ಎಂದು ನಾನು ಹೇಳಲಾರೆ. ಹೆಸರು ಉಳಿಯದಿದ್ದರೂ ಅವರು ಬಲ್ಲದ್ದು ನಿಜವಾಗಿಯೇ ಇತ್ತು ಎಂದಷ್ಟೇ ಹೇಳುತ್ತೇನೆ.

ಕಸುಬುದಾರಿಕೆ ಎಂದರೆ ಏನೆಂದು ನನಗೆ ಅರ್ಥವಾದದ್ದು ಒಂದು ತಪ್ಪಿನಿಂದ. ಅದನ್ನು ಹೇಳದೆ ಈ ಉತ್ತರ ಪೂರ್ತಿಯಾಗದು. 1980ರ ದಶಕದ ಕೊನೆ, ನಾನಿನ್ನೂ ಟೂಲ್‌ರೂಮಿನಲ್ಲಿದ್ದೆ. ಬೆಳಗ್ಗೆ ಒಂದು ಡೈ ಪ್ರೆಸ್ ಶಾಪಿಗೆ ಹೋಗಬೇಕಿತ್ತು, ರಾತ್ರಿ ಅದರ ಪಂಚನ್ನು (ಲೋಹವನ್ನು ಒತ್ತುವ ಭಾಗ) ಗ್ರೈಂಡಿಂಗ್ ಮಾಡುತ್ತಿದ್ದೆ. ಡಿ2 ಉಕ್ಕು, ಗಡುಸುತನ ಅರವತ್ತರ ಹತ್ತಿರ. ವೀಲು ಮೊಂಡಾಗಿತ್ತು. ಡ್ರೆಸ್ ಮಾಡಬೇಕಿತ್ತು, ಅಂದರೆ ವೀಲಿನ ಮುಖ ಕೆರೆದು ಮತ್ತೆ ಹರಿತ ಮಾಡಬೇಕಿತ್ತು. ಮಾಡದೆ ಜಾಸ್ತಿ ಕಟ್ಟು ಕೊಟ್ಟೆ. ಪಂಚಿನ ಮುಖದ ಮೇಲೆ ಕಂದು ಕಲೆಯೊಂದು ಎದ್ದಿತು. ಸುಟ್ಟ ಗುರುತು. ಮೇಲ್ಪದರ ಅತಿಯಾಗಿ ಕಾದು ಹದಗೆಟ್ಟಿದೆ, ಒಳಗೆ ಸಣ್ಣ ಬಿರುಕುಗಳೂ ಬಿದ್ದಿರಬಹುದು ಎಂಬುದು ಅದರ ಅರ್ಥ. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಆಗ ವೀಲನ್ನು ಡ್ರೆಸ್ ಮಾಡಿ ತೆಳ್ಳಗೆ ಎರಡು ಪಾಸು ಕೊಟ್ಟೆ. ಕಲೆ ಹೋಯಿತು, ಮುಖ ಕನ್ನಡಿಯಂತಾಯಿತು. ಬೆಳಗ್ಗೆ ತಪಾಸಣೆಯಲ್ಲಿ ಮೈಕ್ರೋಮೀಟರ್ ಹಿಡಿದರು, ಅಳತೆ ಸರಿಯಿತ್ತು, ಸಹಿ ಹಾಕಿದರು.

ಹನ್ನೊಂದು ದಿನದ ಮೇಲೆ ಪಂಚು ಓಡುತ್ತಿದ್ದಾಗಲೇ ಸಿಡಿಯಿತು. ಚೂರೊಂದು ಪ್ರೆಸ್ ಆಪರೇಟರ ಕಣ್ಣಿನ ಕೆಳಗೆ ಬಡಿಯಿತು. ನಾಲ್ಕು ಹೊಲಿಗೆ. ಒಂದು ಬೆರಳಷ್ಟು ಮೇಲಾಗಿದ್ದರೆ ಕಣ್ಣು ಹೋಗುತ್ತಿತ್ತು. ನಮ್ಮ ಚಾರ್ಜ್‌ಮನ್ ಒಡೆದ ಪಂಚನ್ನು ತಂದು ಬೆಂಚಿನ ಮೇಲಿಟ್ಟು, ಸ್ಪಿರಿಟ್ಟಿನಲ್ಲಿ ನೈಟ್ರಿಕ್ ಆಮ್ಲ ಬೆರೆಸಿ ಹತ್ತಿಯಲ್ಲಿ ಅದ್ದಿ ಮುಖಕ್ಕೆ ಸವರಿದರು. ನಾನು ಅಳಿಸಿದ್ದ ಕಲೆ ನೋಡನೋಡುತ್ತಿದ್ದಂತೆ ಕಪ್ಪಗೆ ಎದ್ದುಬಂತು. ‘ಗೊತ್ತಿತ್ತೇನಪ್ಪ?’ ಎಂದರು. ‘ಗೊತ್ತಿತ್ತು ಸಾರ್’ ಎಂದೆ. ಅವರು ಮತ್ತೇನೂ ಹೇಳಲಿಲ್ಲ. ಆ ಆಪರೇಟರ ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬಂದೆ. ಅವರ ಹೆಂಡತಿ ನನಗೆ ಕಾಫಿ ಕೊಟ್ಟರು. ಆ ಲೋಟ ಹಿಡಿದು ಕೂತದ್ದು ಈಗಲೂ ನೆನಪಿದೆ.

ಮೈಕ್ರೋಮೀಟರಿಗೆ ಆ ಕಲೆ ಸಿಗುವಂತಿರಲಿಲ್ಲ. ಮೇಲಧಿಕಾರಿಗೂ ಗಿರಾಕಿಗೂ ಸಿಗುವಂತಿರಲಿಲ್ಲ. ಬಲ್ಲವನು ನಾನೊಬ್ಬನೇ. ಪ್ರತಿ ಕೆಲಸದಲ್ಲೂ ಮಾಡುವವನಿಗೆ ಮಾತ್ರ ಗೊತ್ತಿರುವ ಇಂಥ ಒಂದು ಜಾಗ ಇರುತ್ತದೆ. ನಾನು ಕಸುಬು ಎನ್ನುವುದು ಆ ಜಾಗದಲ್ಲಿ ಮನುಷ್ಯ ನಡೆದುಕೊಳ್ಳುವ ರೀತಿಯನ್ನು. ವೈಸ್ ಜಾಸ್ತಿ ಬಿಗಿದದ್ದು, ಆಫ್‌ಸೆಟ್ (ಟೂಲಿನ ಅಳತೆಯ ತಿದ್ದುಪಡಿ) ಹಾಕುವಾಗ ಅನುಮಾನ ಬಂದದ್ದು, ಟೂಲ್ ಸದ್ದು ಬದಲಾದರೂ ಶಿಫ್ಟ್ ಮುಗಿಯಲಿ ಎಂದು ಸುಮ್ಮನಿದ್ದದ್ದು, ಇವೆಲ್ಲ ನಿಮಗೊಬ್ಬರಿಗೇ ಗೊತ್ತು. ಪ್ರೋಗ್ರಾಂ ಯಾರೇ ಬರೆಯಲಿ, ಯಂತ್ರವೇ ಬರೆಯಲಿ, ಆ ಜಾಗ ನಿಮ್ಮಿಂದ ಕೈಬಿಟ್ಟು ಹೋಗುವುದಿಲ್ಲ.

ಇಷ್ಟು ಹೇಳಿ ಸಂಬಳದ ಮಾತು ಬಿಟ್ಟರೆ ನಿಮಗೆ ಮೋಸ ಮಾಡಿದಂತೆ. ‘ಕೆಲಸವನ್ನು ಪ್ರೀತಿಸು’ ಎಂದು ಹೇಳಿಕೊಂಡು ಕಡಿಮೆ ಕೂಲಿಗೆ ಹನ್ನೆರಡು ತಾಸು ದುಡಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಂಥ ಮಾತಿಗೆ ಸೋಲಬೇಡಿ. ಹದಿನೈದು ವರ್ಷ ಅನುಭವವಿರುವ ಡೈ ಫಿಟ್ಟರನ್ನೂ ನಿನ್ನೆ ಬಂದವರನ್ನೂ ಒಂದೇ ಗುತ್ತಿಗೆಯಲ್ಲಿ ಇಡುವ ಕಾರ್ಖಾನೆ ಕಸುಬನ್ನು ಕೊಲ್ಲುತ್ತದೆ, ಆಮೇಲೆ ‘ಒಳ್ಳೆಯ ಕೆಲಸಗಾರರು ಸಿಗುವುದಿಲ್ಲ’ ಎಂದು ಗೋಳಾಡುತ್ತದೆ. ಮೊದಲ ಪೀಸನ್ನು ಅಳೆದು ನೋಡುವಷ್ಟು ಹೊತ್ತನ್ನೂ ಸೈಕಲ್ ಟೈಮಿನಿಂದ (ಒಂದು ಪೀಸಿಗೆ ಕೊಟ್ಟ ಸಮಯ) ಕಸಿದುಕೊಳ್ಳುವ ಜಾಗದಲ್ಲಿ ನೀವಿದ್ದರೆ ಅದನ್ನು ಬಿಡಿ. ಆದರೆ ಬಿಟ್ಟು ಟೂಲ್‌ರೂಮಿನ ಕಡೆ ಹೋಗಿ. ಒಂದೇ ಪೀಸು ಸಾವಿರ ಸಲ ಹೊಡೆಯುವ ಶಾಪಿಗೂ ಪ್ರತಿ ಡೈ ಹೊಸದಾಗಿರುವ ಟೂಲ್‌ರೂಮಿಗೂ ಅಜಗಜಾಂತರ. ರಾಜಾಜಿನಗರದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ಜಿಟಿಟಿಸಿ, ಕೆಲಸದಲ್ಲಿರುವವರಿಗೂ ಅಲ್ಪಾವಧಿ ಕೋರ್ಸುಗಳನ್ನು ನಡೆಸುತ್ತದೆ. ಹೋಗಿ ವಿಚಾರಿಸಿ. ಕ್ಯಾಮ್ ಪ್ರೋಗ್ರಾಮಿಂಗ್ ನೀವೇ ಕಲಿಯಿರಿ. ಜಾಬ್ ಕಟ್ಟಿ ಗೊತ್ತಿರುವವರು ಬರೆದ ಪ್ರೋಗ್ರಾಮಿಗೂ ಕುರ್ಚಿಯಲ್ಲಷ್ಟೇ ಕೂತವರು ಬರೆದದ್ದಕ್ಕೂ ಇರುವ ವ್ಯತ್ಯಾಸ ಮೊದಲ ಕಟ್ಟಿನಲ್ಲೇ ತಿಳಿಯುತ್ತದೆ. ಜೊತೆಗೆ ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ರಿಜೆಕ್ಟ್ ಆದ ಪ್ರತಿ ಪೀಸಿಗೂ ಅರ್ಧ ಪುಟ. ತಪ್ಪು ಯಾವಾಗ ಹೊರಬಿತ್ತು ಎಂದಲ್ಲ, ನಿಮಗೆ ಮೊದಲ ಅನುಮಾನ ಯಾವ ಗಳಿಗೆಯಲ್ಲಿ ಬಂತು ಎಂದು ಬರೆಯಿರಿ. ಮತ್ತು ನಿಮ್ಮ ಪೀಸು ಯಾವ ಯಂತ್ರದ ಹೊಟ್ಟೆಗೆ ಹೋಗುತ್ತದೆ ಎಂದು ಸೂಪರ್‌ವೈಸರನ್ನು ಕೇಳಿ. ಡ್ರಾಯಿಂಗಿನ ಇಪ್ಪತ್ತು ಅಳತೆಗಳಲ್ಲಿ ಯಾವ ಎರಡು ಅಳತೆಯ ಮೇಲೆ ಅದರ ಜೀವ ನಿಂತಿದೆ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಸಾಫ್ಟ್‌ವೇರ್ ಟೆಸ್ಟಿಂಗ್ ಕೀಳು ಎಂದು ನಾನು ಹೇಳುವುದಿಲ್ಲ. ಮೂಲೆಮಟ್ಟ ಹಿಡಿದು ಬೆಳಕಿನ ಎಳೆ ಹುಡುಕುವ ಕೆಲಸವೇ ಅದು, ನಿಮ್ಮ ಕಣ್ಣು ಅಲ್ಲೂ ನಡೆಯುತ್ತದೆ. ಹಣಕ್ಕಾಗಿ ಹೋಗುವುದಾದರೆ ಸಂಕೋಚವಿಲ್ಲದೆ ಹೋಗಿ. ಇಲ್ಲಿ ಬರಿ ಗುಂಡಿ ಒತ್ತುವುದು ಎಂಬ ಬೇಸರಕ್ಕೆ ಹೋಗುವುದಾದರೆ ತಡೆಯಿರಿ, ಗುಂಡಿ ಅಲ್ಲೂ ಇದೆ.

ಇನ್ನು ಅಡಿಗಲ್ಲು. ಗುಜರಿಗೆ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಅದರ ಮೇಲಿನ ಮುಖದ ತುಕ್ಕನ್ನು ಉಜ್ಜಿ ತೆಗೆಯಿರಿ. ನಿಮ್ಮ ಕಾರ್ಖಾನೆಯಲ್ಲಿ ಹಳೆಯ ಬೇರಿಂಗಿನ ಗುಂಡೊಂದು ಸಿಗುತ್ತದೆ, ಗೋಲಿ ಗಾತ್ರದ್ದು. ಮುಖದ ಮೇಲೆ ಸ್ಕೇಲ್ ನಿಲ್ಲಿಸಿ ಗುಂಡನ್ನು ಹತ್ತು ಅಂಗುಲ ಎತ್ತರದಿಂದ ಬಿಡಿ. ಮೂರು ನಾಲ್ಕು ಅಂಗುಲ ಪುಟಿದರೆ ಅದು ಬರಿ ಮೆತ್ತನೆಯ ಕಬ್ಬಿಣದ ದಿಮ್ಮಿ. ಏಳೆಂಟು ಅಂಗುಲ ಪುಟಿದರೆ ಅದಕ್ಕೆ ಗಡುಸು ಉಕ್ಕಿನ ಮುಖವಿದೆ, ಅಂಥದ್ದು ಈಗ ಹುಡುಕಿದರೂ ಸಿಗುವುದು ಕಷ್ಟ. ನಡುವೆ, ಅಂಚಿನಲ್ಲಿ, ಮೂಲೆಯಲ್ಲಿ, ನಾಲ್ಕಾರು ಕಡೆ ಬಿಟ್ಟು ನೋಡಿ. ತಾತ ಹೆಚ್ಚು ಬಡಿದ ಜಾಗ ಯಾವುದೆಂದು ಸವೆತದಿಂದಲೇ ಕಾಣುತ್ತದೆ. ಅಲ್ಲಿ ಎಷ್ಟು ಪುಟಿಯಿತು ಎಂದು ನನಗೆ ಬರೆದು ತಿಳಿಸಿ. ಅಲ್ಲಿಯವರೆಗೆ ಅದು ಕುಲುಮೆಯಲ್ಲೇ ಇರಲಿ.